ರೈಟರ್ ಜಯಪ್ರಕಾಶನಿಗೆ ಬಾರ್ ಬೇಕಂತೆ

ಬಾಳೂರು ಸೀಮೆಯಲ್ಲಿ ರೈಟರ್ ಅಂದರೆ ಕತೆ ಬರೆಯುವವನಲ್ಲ. ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವವನು, ಗೊಬ್ಬರದ ಚೀಲಕ್ಕೆ ಕಾವಲು ನಿಲ್ಲುವವನು, ಸಾಹುಕಾರರು ಬಂದಾಗ ಎದ್ದು ನಿಲ್ಲುವವನು, ಅವರ ಜೀಪು ತಿರುವು ದಾಟಿದ ಮೇಲೆ ಮಿಕ್ಕವರನ್ನೆಲ್ಲ ಎದ್ದು ನಿಲ್ಲಿಸುವವನು. ಜಯಪ್ರಕಾಶ ಇಷ್ಟನ್ನೂ ತಲೆ ನರೆಯುವವರೆಗೆ ಲೋಪವಿಲ್ಲದೆ ನಡೆಸಿಕೊಂಡು ಬಂದಿದ್ದ. ಮನುಷ್ಯನಿಗೆ ಜೀವನದಲ್ಲಿ ಗುರಿ ಅಂತ ಒಂದು ಇರಬೇಕು ಎನ್ನುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಹೊಳೆದದ್ದು ಹೊಸ ವರ್ಷದ ಹಿಂದಿನ ಸಂಜೆ, ದೇವರಮನೆ ರಸ್ತೆಯಲ್ಲಿರುವ ಭಾಮೈದನ ಹೋಮ್‌ಸ್ಟೇಯಲ್ಲಿ, ಒಂದು ಕೋಳಿಯ ಸಮ್ಮುಖದಲ್ಲಿ.

ಭಾಮೈದ ಬಾಲರಾಜ್ ಪ್ರವಾಸಿಗರಿಗೆ ಬಾರ್ಬೆಕ್ಯೂ ಮಾಡಿ ಬಡಿಸುವುದರಲ್ಲಿ ಹೆಸರುವಾಸಿ. ಅವತ್ತು ಅವನು ಫೋನು ಬಂತೆಂದು ಒಂದು ಗಳಿಗೆ ಆಚೆ ಹೋದ. ಒಲೆಯ ಸುತ್ತ ಬೆಂಗಳೂರಿನ ಹುಡುಗ ಹುಡುಗಿಯರು ನಿಂತಿದ್ದರು. ಜಯಪ್ರಕಾಶನಿಗೆ ಏನನ್ನಿಸಿತೋ, ಬಾಲರಾಜನ ಏಪ್ರನ್ನು ತೊಟ್ಟು, ಇಕ್ಕಳ ಕೈಗೆತ್ತಿಕೊಂಡು, "ಕೋಳಿ ಸುಡೋದ್ರಲ್ಲಿ ಒಂದು ಕ್ರಮ ಇದೆ, ನೋಡ್ತಿರಿ" ಎಂದ. ಅವರು ನೋಡಿದರು. ಕೋಳಿಯ ಕೊಬ್ಬು ಕೆಂಡಕ್ಕೆ ಬಿದ್ದು ಉರಿ ಎದ್ದಿತು. ಉರಿ ಆರಿಸಲು ಜಯಪ್ರಕಾಶ ಗಾಳಿ ಬೀಸಿದ. ಗಾಳಿ ಬೀಸಿದರೆ ಉರಿ ಹೆಚ್ಚುತ್ತದೆ ಎಂಬುದು ಅವನಿಗೆ ಗೊತ್ತಾದದ್ದು ಏಪ್ರನ್ನಿನ ಅಂಚು ಹತ್ತಿಕೊಂಡಾಗ.

ಒಬ್ಬಳು ಹುಡುಗಿ ತಟ್ಟೆಯನ್ನು ದೀಪದ ಹತ್ತಿರ ಹಿಡಿದು ಬಹಳ ಮರ್ಯಾದೆಯಿಂದ ಕೇಳಿದಳು: "ಅಂಕಲ್, ಇದ್ರಲ್ಲಿ ಇದ್ದಿಲು ಯಾವ್ದು, ಚಿಕನ್ ಯಾವ್ದು?"

"ನಮ್ಮ ಭಾವ ಎಸ್ಟೇಟಲ್ಲಿ ಹಾಜರಿ ಹಾಕೋರು," ಎಂದ ವಾಪಸ್ಸು ಬಂದ ಬಾಲರಾಜ್. "ಇವತ್ತು ಕೋಳೀನೇ ಗೈರುಹಾಜರು."

ಎಲ್ಲರೂ ನಕ್ಕರು. ಅದನ್ನು ಜಯಪ್ರಕಾಶ ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ಎಲ್ಲರ ನಗು ನಿಂತ ಮೇಲೂ ಒಂದು ನಗು ನಿಲ್ಲದೆ ಮುಂದುವರಿಯಿತು. ತಿರುಗಿ ನೋಡಿದರೆ ಹೆಂಡತಿ ಪ್ರೇಮಲತಾ, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಆಮೇಲಿನ ದಿನಗಳಲ್ಲಿ ಜಯಪ್ರಕಾಶ ಊಟಕ್ಕೆ ಕೂತಾಗಲೂ ಮೊಬೈಲಿನಲ್ಲಿ ಮುಳುಗಿರುತ್ತಿದ್ದ. ಅದರೊಳಗೆ ಗಡ್ಡದ ಅಮೆರಿಕದವನೊಬ್ಬ ತನ್ನ ಹಿತ್ತಲಲ್ಲಿ ನಿಂತು, ಬಾರ್ಬೆಕ್ಯೂ ಎನ್ನುವುದು ಅಡುಗೆಯಲ್ಲ, ಆತ್ಮೋನ್ನತಿ ಎಂದು ಬೋಧಿಸುತ್ತಿದ್ದ. ಪ್ರತಿಯೊಬ್ಬನೂ ವರ್ಷಾರಂಭದಲ್ಲಿ ತನಗೆ ತಾನೇ ಗುರಿ ಹಾಕಿಕೊಳ್ಳಬೇಕು, ಅದನ್ನು ಗಟ್ಟಿಯಾಗಿ ಬಾಯಿಬಿಟ್ಟು ಹೇಳಬೇಕು ಎಂದೂ ಅವನ ಅಪ್ಪಣೆಯಾಯಿತು. ಜಯಪ್ರಕಾಶ ಎದ್ದು ಅಡುಗೆಮನೆಗೆ ಹೋಗಿ, ಬೀನ್ಸು ಹೆಚ್ಚುತ್ತಿದ್ದ ಹೆಂಡತಿಯ ಮುಂದೆ ಪ್ರಮಾಣವಚನಕ್ಕೆ ನಿಂತವನಂತೆ ನಿಂತ.

"ಪ್ರೇಮಾ, ಈ ವರ್ಷ ನಾನು ಮೂರು ಗುರಿ ಇಟ್ಕೊಂಡಿದೀನಿ. ಮೊದಲ್ನೇದು, ಬೆಂಕಿ ನಾನು ಹೇಳಿದ ಮಾತು ಕೇಳ್ಬೇಕು."

"ಮನೇ ನಾಯೀನೇ ಕೇಳಲ್ಲ ನಿಮ್ಮ ಮಾತು."

"ಎರಡನೇದು, ಮಾಂಸ ಬರೀ ಹೊಗೇಲೇ ನಿಧಾನಕ್ಕೆ ಬೇಯ್ಬೇಕು. ಬೆಳಿಗ್ಗೆ ಇಟ್ರೆ ಸಂಜೆಗೆ ತೆಗೀಬೇಕು."

"ಕುಕ್ಕರಲ್ಲಿ ನಾಲ್ಕು ಕೂಗು ಸಾಕು."

"ಮೂರನೇದು, ನಿನ್ನ ತಮ್ಮ ಬಾಲರಾಜ ಅದನ್ನ ತಿಂದು, ನಾಲ್ಕು ಜನರ ಎದುರಿಗೆ, 'ಭಾವ, ನಿಮ್ಮ ಹಾಗೆ ನಂಗೆ ಬರಲ್ಲ' ಅನ್ಬೇಕು."

ಪ್ರೇಮಲತಾ ಚಾಕು ಕೆಳಗಿಟ್ಟಳು. "ಹಾಗಾದ್ರೆ ಗುರಿ ಮೂರಲ್ಲ ಮಾರಾಯ್ರೆ, ಒಂದೇ."

ಇಂಥ ಸೂಕ್ಷ್ಮಗಳಿಗೆ ಕಿವಿಗೊಟ್ಟರೆ ಯಾರಿಗೂ ಆತ್ಮೋನ್ನತಿ ಆಗುವುದಿಲ್ಲ. ಕೈ ಪಳಗುವವರೆಗೆ ಇದು ಬಾಲರಾಜನ ಕಿವಿಗೆ ಬೀಳಬಾರದು ಎಂದು ಹೆಂಡತಿಗೆ ತಾಕೀತು ಮಾಡಿ, ಜಯಪ್ರಕಾಶ ಮೂಡಿಗೆರೆಯ ಬಸ್ಸು ಹತ್ತಿದ.

ಬಸ್‌ಸ್ಟ್ಯಾಂಡಿನ ಹಿಂದೆ ಕುಮಾರನ ವೆಲ್ಡಿಂಗ್ ಅಂಗಡಿ. ಜಯಪ್ರಕಾಶ ಆಚೀಚೆ ನೋಡಿ, ದನಿ ತಗ್ಗಿಸಿ, ತನಗೆ ಬೇಕಾದ್ದನ್ನು ವಿವರಿಸಿದ. ಒಂದು ಸಣ್ಣ ಡ್ರಮ್ಮು, ಅದರಲ್ಲಿ ಬೆಂಕಿ. ಪಕ್ಕದಲ್ಲಿ ದೊಡ್ಡ ಡ್ರಮ್ಮು, ಅದರಲ್ಲಿ ಮಾಲು. ಎರಡರ ಮಧ್ಯೆ ಪೈಪು. ಮೇಲೆ ಬಿಗಿಯಾದ ಮುಚ್ಚಳ.

ಕುಮಾರ ಕಣ್ಣಿಗೆ ಹಾಕಿದ್ದ ಕಪ್ಪು ಗಾಜನ್ನು ಹಣೆಗೇರಿಸಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಎಷ್ಟು ಲೀಟರ್ ಇಳಿಸ್ಬೇಕು ಅಂತಿದೀರಾ ಸಾರ್?"

"ಲೀಟರ್ ಎಂತಕ್ಕೆ ಮಾರಾಯ? ಕೆ.ಜಿ. ಲೆಕ್ಕ ಇದು."

"ಕೆ.ಜಿ. ಅಂತಾನೇ ಕರೀತೀರಾ? ಒಳ್ಳೇದು ಬಿಡಿ, ಫೋನಲ್ಲಿ ಮಾತಾಡೋಕೂ ಸೇಫು."

"ಮಾರೋಕಲ್ಲ, ಮನೆ ಮಟ್ಟಿಗೆ."

"ಶುರುವಿಗೆ ಎಲ್ಲರದೂ ಮನೆ ಮಟ್ಟಿಗೇ ಸಾರ್."

"ಒಟ್ನಲ್ಲಿ ಯಾರಿಗೂ ಗೊತ್ತಾಗ್ಬಾರ್ದು."

"ನನ್ನ ಬಾಯಿಗೇ ವೆಲ್ಡಿಂಗ್ ಹಾಕ್ಕೊಂಡೆ ಅಂತ ತಿಳ್ಕೊಳ್ಳಿ."

ಕುಮಾರನ ಕಬ್ಬಿಣದ ವೆಲ್ಡಿಂಗು ತುಂಬ ಗಟ್ಟಿ. ಬಾಯಿಯದು ಅಷ್ಟಿರಲಿಲ್ಲ. ಡ್ರಮ್ಮು ಹೇರಿಕೊಂಡ ಪಿಕಪ್ಪು ಬಾಳೂರು ತಲುಪುವ ಹೊತ್ತಿಗೆ ಕಳ್ಳಭಟ್ಟಿಯ ಸುದ್ದಿ ಆಗಲೇ ಬಂದು, ಕಾಲು ತೊಳೆದು, ಮನೆಮನೆಯಲ್ಲಿ ಕೂತಾಗಿತ್ತು.

ಅದರ ಮೇಲೆ ಜಯಪ್ರಕಾಶ ಮಾಡಿದ ಪ್ರತಿಯೊಂದು ಕೆಲಸವೂ ಸುದ್ದಿಗೆ ಸಾಕ್ಷಿಯಾಗುತ್ತ ಹೋಯಿತು. ಗಡ್ಡದವನು ಸೌದೆಯ ಚೂರುಗಳನ್ನು ನೀರಲ್ಲಿ ನೆನೆಸು ಎಂದಿದ್ದ. ಇವನು ಪೇರಲೆ ಮರದ ತೊಗಟೆಯನ್ನೂ ಮುದಿ ಕಾಫಿಗಿಡದ ಚಕ್ಕೆಯನ್ನೂ ನೀಲಿ ಬ್ಯಾರೆಲ್ಲಿಗೆ ತುಂಬಿ, ನೀರು ಹೊಯ್ದು, ಮರೆತ. ಅದು ಬಿಸಿಲಿಗೆ ನೊರೆ ಕಟ್ಟಿ, ಬೇಲಿಯಾಚೆಗೂ ಹುಳಿ ವಾಸನೆ ಹರಡಿತು. ಮಾಂಸಕ್ಕೆ ಸವರುವ ಸಾಸಿಗೆಂದು ಬೆಲ್ಲವನ್ನು ಪಿಂಡಿಗಟ್ಟಲೆ ತಂದ. ಹಿತ್ತಲಲ್ಲಿ ಯಾವ ಮನುಷ್ಯ ತೊಗಟೆ, ಬೆಲ್ಲ, ಡ್ರಮ್ಮು, ಪೈಪು ಒಟ್ಟಿಗೆ ಇಟ್ಟುಕೊಳ್ಳುತ್ತಾನೆ ಎಂಬುದು ಈ ಬೆಟ್ಟಗಳಲ್ಲಿ ಶಾಲೆಗೆ ಹೋಗದವರಿಗೂ ಗೊತ್ತು. ಹೋಮ್‌ಸ್ಟೇಗಳ ಬಾರ್ಬೆಕ್ಯೂವನ್ನು ಜನ ನೋಡಿರಲಿಲ್ಲ ಎಂದಲ್ಲ. ಆದರೆ ಅದು ತೆರೆದ ಒಲೆ, ಮೇಲೊಂದು ಜಾಲರಿ. ಬಾಯಿ ಮುಚ್ಚಿದ ಡ್ರಮ್ಮಿನಲ್ಲಿ ಕೋಳಿ ಸುಡುತ್ತಾರೆಂದರೆ ಯಾರು ನಂಬುತ್ತಾರೆ?

ಬೇಲಿಯಾಚೆಯ ಮನೆ ಯಲ್ಲಮ್ಮನದು. ಎಸ್ಟೇಟಿನ ಮೇಸ್ತ್ರಿ ಜವರಯ್ಯನ ಹೆಂಡತಿ, ಮಹಿಳಾ ಸಂಘದ ಅಧ್ಯಕ್ಷೆ. ಊರಿನ ಪೆಟ್ಟಿಗೆ ಅಂಗಡಿಯಲ್ಲಿ ಕದ್ದು ಮಾರುತ್ತಿದ್ದ ಸಾರಾಯಿ ಪಾಕೀಟನ್ನು ಪೊರಕೆ ಹಿಡಿದು ನಿಲ್ಲಿಸಿದ ಹೆಣ್ಣು. ಅವಳು ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತ ಪ್ರೇಮಲತಾಳನ್ನು ಕರೆದಳು.

"ಏನ್ ಪ್ರೇಮಕ್ಕ, ರೈಟ್ರು ಹಿತ್ಲಲ್ಲಿ ಎಂಥ ಹೂಡಿದಾರೆ?"

"ಎಂಥದೋ ಬಾರ್ಬೆಕ್ಯೂ ಅಂತೆ ಯಲ್ಲಮ್ಮ."

"ಬಾರ್ ಬೇಕು ಅಂತಾರಾ!"

"ಹೂಂ ಮಾರಾಯ್ತಿ. ಈ ವರ್ಷ ಅದೇ ಅವರ ಗುರಿ ಅಂತೆ."

"ನೀವು ನೋಡ್ಕಂಡು ಸುಮ್ನಿದೀರಾ?"

"ಈ ವಯಸ್ಸಲ್ಲಿ ಗಂಡಸರಿಗೆ ಏನಾದ್ರೂ ಒಂದು ಹಿಡ್ಕೊಳುತ್ತೆ. ಹೊರಗೆ ಹೋಗಿ ಹಾಳಾಗೋ ಬದಲು ಮನೇಲೇ ಮಾಡ್ಕೊಂಡ್ರೆ ಕಣ್ಣೆದುರಿಗಾದ್ರೂ ಇರ್ತಾರೆ."

ಯಲ್ಲಮ್ಮ ಕೈಲಿದ್ದ ಒದ್ದೆ ಲುಂಗಿಯನ್ನು ಒಣಹಾಕುವುದು ಮರೆತು ಅಲ್ಲೇ ಇನ್ನೊಮ್ಮೆ ಹಿಂಡಿದಳು.

ಆ ಲುಂಗಿಯ ಒಡೆಯ ಜವರಯ್ಯನಿಗೆ ಸುದ್ದಿ ಬೇರೆ ಥರ ತಲುಪಿತ್ತು. ಹೆಂಡತಿ ಸಂಘದ ಸಭೆಗೆ ಹೋದ ಭಾನುವಾರ ಅವನು ಜರ್ಕಿನ್ನಿನ ಒಳಗೆ ಖಾಲಿ ಬಾಟ್ಲಿ ಇಟ್ಟುಕೊಂಡು, ಹಿತ್ತಲ ಕಡೆಯಿಂದ ಬಂದು ಕೆಮ್ಮಿದ. ಡ್ರಮ್ಮಿನ ಮುಂದೆ ಜಯಪ್ರಕಾಶ ಕಣ್ಣೀರು ಸುರಿಸುತ್ತ ಕೂತಿದ್ದ. ಹೊಗೆ ಡ್ರಮ್ಮು ಬಿಟ್ಟು ಮಿಕ್ಕೆಲ್ಲ ಕಡೆ ಹೋಗುತ್ತಿತ್ತು.

"ಹೆಂಗಿದೆ ಸಾರ್ ಮಾಲು?" ಎಂದ ಜವರಯ್ಯ.

ಇಷ್ಟು ದಿನ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಜಯಪ್ರಕಾಶನ ಎದೆ ತುಂಬಿ ಬಂತು. "ಮೊದಲನೇ ಸಲ ತಳ ಹತ್ತಿತು ಜವರಯ್ಯ. ಈಗ ಸ್ವಲ್ಪ ಹದಕ್ಕೆ ಬರ್ತಿದೆ. ಉರಿ ಜಾಸ್ತಿ ಆಗ್ಬಾರ್ದು ನೋಡು, ಅದೇ ಗುಟ್ಟು."

"ನಮ್ಮ ಮಾವನೂ ಇದನ್ನೇ ಹೇಳ್ತಿದ್ದ. ಪಾಪ, ಜೈಲಲ್ಲಿ ತೀರಿಕೊಂಡ."

ಜಯಪ್ರಕಾಶ ಇದಕ್ಕೂ ಅದಕ್ಕೂ ಸಂಬಂಧ ಹುಡುಕುವಷ್ಟರಲ್ಲಿ ಜವರಯ್ಯ ಬಾಟ್ಲಿ ಹೊರತೆಗೆದು, "ಒಂಚೂರು ರಸ ಕೊಡಿ ಸಾರ್, ರುಚಿ ನೋಡಿ ಹೇಳ್ತೀನಿ" ಎಂದ. ರಸ ಅಂದರೆ ಸಾಸು ಎಂದು ಜಯಪ್ರಕಾಶ ತಿಳಿದ. ವಿನೆಗರು, ಬೆಲ್ಲ, ಬ್ಯಾಡಗಿ ಮೆಣಸು, ಕಾಳುಮೆಣಸು, ಬೆಳ್ಳುಳ್ಳಿ, ಅದಕ್ಕೆ ಗಟ್ಟಿ ಕಾಫಿ ಡಿಕಾಕ್ಷನ್ನು. ಇದು ಅವನ ಸ್ವಂತ ಸಂಶೋಧನೆ, ಪ್ರೇಮಲತಾ ಮೂಸಿ ನೋಡಿ ಮುಚ್ಚಿಟ್ಟಿದ್ದ ಪಾತ್ರೆ. ಜಯಪ್ರಕಾಶ ಬಾಟ್ಲಿ ತುಂಬಿಸಿಕೊಟ್ಟ.

ಜವರಯ್ಯ ಕಣ್ಣು ಮುಚ್ಚಿ ಒಂದು ದೊಡ್ಡ ಗುಟುಕು ಇಳಿಸಿದ. ಅವನ ಕಿವಿ ಕೆಂಪಾಯಿತು. ಕಣ್ಣಲ್ಲಿ ನೀರು ಚಿಮ್ಮಿತು. ಬಾಯಿ ಒರೆಸಿಕೊಂಡು, "ಅಯ್ಯಯ್ಯಪ್ಪ! ಇಂಥದ್ದು ನಾನು ಹುಟ್ಟಿದ ಮೇಲೆ ಕುಡಿದಿಲ್ಲ ಸಾರ್" ಎಂದು ಕೈ ಮುಗಿದ. ಅದು ಅಕ್ಷರಶಃ ನಿಜ. ಗಂಟಲು ಉರಿಯಿತು ಅಂದ ಮೇಲೆ ತಲೆ ತಿರುಗಲೇಬೇಕು ಎಂಬುದು ಜವರಯ್ಯನ ಅನುಭವ. ತಲೆ ತಿರುಗಿತು. ತಲೆ ತಿರುಗಿದ ಮೇಲೆ ಕಾಲು ತೊಡರಲೇಬೇಕು. ಅದೂ ಆಯಿತು. ಪಕ್ಕದ್ದೇ ಮನೆಯಾದರೂ ಅವನು ರಸ್ತೆಯ ಎರಡೂ ಬದಿಯನ್ನು ಸಮನಾಗಿ ಬಳಸಿಕೊಂಡು ಮನೆ ಸೇರಿದ. ಸಂಜೆ ಯಲ್ಲಮ್ಮನಿಗೂ ಅವಳ ತಾಯಿಗೂ, ತನ್ನ ಮದುವೆಯಾದಂದಿನಿಂದ ಹೇಳಬೇಕೆಂದುಕೊಂಡು ಹೇಳಲಾರದೆ ಉಳಿದಿದ್ದ ಮಾತುಗಳನ್ನೆಲ್ಲ ಒಂದೂ ಬಿಡದೆ ಹೇಳಿದ. ಬೆಳಿಗ್ಗೆ ಅವಳು ಪೊರಕೆಗೆ ಕೈ ಹಾಕಿದಾಗ, "ನಾನಲ್ಲ ಕಣೇ, ಒಳಗಿರೋ ಮಾಲು ಮಾತಾಡಿದ್ದು" ಎಂದು ಅತ್ತ. ಮಾಲಿಗೆ ಹೊಡೆಯುವುದು ಹೇಗೆಂದು ತಿಳಿಯದೆ ಯಲ್ಲಮ್ಮ ಕೈ ಬಿಟ್ಟಳು.

ಅಂದಿನಿಂದ ಹಿತ್ತಲಿಗೆ ಜನ ಬರತೊಡಗಿದರು. ಟ್ರ್ಯಾಕ್ಟರಿನವನು ಬಂದ, ಹಾಲಿನವನು ಬಂದ, ಪಂಚಾಯ್ತಿಯ ವಾಟರ್‌ಮನ್ ಬಂದ. ಎಲ್ಲರ ಜರ್ಕಿನ್ನೂ ಎದೆಯ ಹತ್ತಿರ ಉಬ್ಬಿರುತ್ತಿತ್ತು. ಬರುವಾಗ ಬಾಳೆಗೊನೆ, ಜೇನು, ನಾಟಿ ಮೊಟ್ಟೆ ತರುತ್ತಿದ್ದರು. ಮಾಂಸದ ಕಡೆ ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. "ರಸ ಸಾಕು ಸಾರ್" ಎನ್ನುತ್ತಿದ್ದರು. ಗಡ್ಡದವನು, ಸಾಸು ಕೈಗೆ ಹತ್ತಿತು ಅಂದರೆ ಅರ್ಧ ಬಾರ್ಬೆಕ್ಯೂ ಒಲಿಯಿತು ಎಂದಿದ್ದನಲ್ಲ! ಜಯಪ್ರಕಾಶ ದೊಡ್ಡ ಪಾತ್ರೆ ತಂದ. ಸಂಜೆಯಾದರೆ ಬಾಳೂರಿನ ಗಂಡಸರು ಕಾಫಿ ಡಿಕಾಕ್ಷನ್ನು ಕುಡಿದು ತೂರಾಡುತ್ತ, ಮನೆಮನೆಯಲ್ಲಿ ತಟ್ಟೆ ಎಸೆಯುತ್ತ, ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿ, ರಾತ್ರಿ ನಿದ್ದೆ ಬರದೆ ಹೊರಳುತ್ತಿದ್ದರು. ನಿದ್ದೆ ಬಾರದ್ದಕ್ಕೆ ಕಾರಣ ಡಿಕಾಕ್ಷನ್ನು. ಅವರು ಅದನ್ನು ಮಾಲಿನ ಗುಣ ಎಂದು ಕೊಂಡಾಡಿದರು.

ಮರ್ಯಾದೆ ಅನ್ನುವುದು ಹೇಗೆ ಬರುತ್ತದೆ ನೋಡಿ. ನೆಟ್ಟಗೆ ಹಾಜರಿ ಹಾಕಿಕೊಂಡಿದ್ದಷ್ಟು ಕಾಲ ಬಸ್ಸಿನಲ್ಲಿ ಜಯಪ್ರಕಾಶ ಕಂಬಿ ಹಿಡಿದೇ ಹೋಗುತ್ತಿದ್ದ. ಈಗ ಕಂಡಕ್ಟರು ಯಾರನ್ನೋ ಎಬ್ಬಿಸಿ ಕಿಟಕಿ ಪಕ್ಕದ ಸೀಟು ಕೊಡುತ್ತಿದ್ದ. ಒಂದು ದಿನ ಎಸ್ಟೇಟ್ ಆಫೀಸಿನಲ್ಲಿ ಸಾಹುಕಾರ್ ಕೃಷ್ಣಪ್ಪನವರು, ತಮ್ಮ ಆಯುಷ್ಯದಲ್ಲಿ ಮೊದಲ ಬಾರಿಗೆ, "ಕೂತ್ಕೊಳ್ಳಿ ರೈಟ್ರೇ" ಎಂದರು. ಜಯಪ್ರಕಾಶ ಹಿಂದೆ ತಿರುಗಿ ನೋಡಿದ. ಬೇರೆ ರೈಟರು ಯಾರೂ ಇರಲಿಲ್ಲ. ಕೂತ.

"ನಿಮ್ಮ ಹಿತ್ಲಲ್ಲಿ ಏನೋ ಜೋರಾಗಿ ನಡೀತಿದೆಯಂತೆ."

"ಸಣ್ಣ ಪ್ರಯತ್ನ ಸಾರ್. ಇನ್ನೂ ಕಲೀತಾ ಇದೀನಿ."

"ಹಾಡಹಗಲಲ್ಲೇ ಮಾಡ್ತೀರಂತೆ. ಮೇಲಿನವರ ಸಪೋರ್ಟ್ ಇದೆಯಾ?"

"ಮೇಲಿನವನ ದಯೆ ಇಲ್ದೆ ಏನಾಗುತ್ತೆ ಸಾರ್?" ಎಂದು ಜಯಪ್ರಕಾಶ ಭಕ್ತಿಯಿಂದ ಬೆರಳನ್ನು ನೆತ್ತಿಯ ಮೇಲೆತ್ತಿ ತೋರಿಸಿದ.

ಕೃಷ್ಣಪ್ಪನವರು ಆ ಬೆರಳನ್ನೂ ಅದು ತೋರಿಸುತ್ತಿದ್ದ ಎತ್ತರವನ್ನೂ ನೋಡಿದರು. "ಅಷ್ಟು ಮೇಲಾ?" ಎಂದು ಮೆಲ್ಲಗೆ ಕೇಳಿ, ಬೆವರೊರೆಸಿಕೊಂಡು, "ನಮಗೂ ಒಂದು ಬಾಟ್ಲಿ ಕಳ್ಸಿ. ಬಿ.ಪಿ. ಇದೆ, ಸ್ವಲ್ಪ ಲೈಟಾಗಿರ್ಲಿ" ಎಂದರು. ಜಯಪ್ರಕಾಶ ಅವರಿಗೆ ಮೆಣಸು ಕಡಿಮೆ ಹಾಕಿ ಬೇರೆಯೇ ಮಾಡಿಕೊಟ್ಟ. ಮರುದಿನ ಸಾಹುಕಾರರ ಅಡುಗೆಯವಳಿಂದ ತಿಳಿದ ಪ್ರಕಾರ, ಲೈಟಾಗಿದ್ದರೂ ಅದು ಚೆನ್ನಾಗಿಯೇ ಕೆಲಸ ಮಾಡಿತ್ತು. ಸಾಹುಕಾರರು ಊಟದ ಮೇಜಿನಲ್ಲಿ ಹೆಂಡತಿಯ ಅಣ್ಣನನ್ನು ಕಳ್ಳ ಎಂದು ಕರೆದು, ಸೂಟ್‌ಕೇಸಿನ ಸಮೇತ ಹೊರಗೆ ಕಳಿಸಿ, ಬೆಳಿಗ್ಗೆ ಏನೂ ನೆನಪಿಲ್ಲ ಎಂದಿದ್ದರು.

ಇಷ್ಟು ಕೀರ್ತಿ ಬಂದ ಮೇಲೆ ಇನ್ನೇಕೆ ತಡ ಎಂದು ಜಯಪ್ರಕಾಶ ಬಾಲರಾಜನಿಗೆ ಫೋನು ಮಾಡಿದ. "ಭಾನುವಾರ ಮಧ್ಯಾಹ್ನ ಮನೆಗೆ ಬಾ. ಹಂದಿ ತೊಡೆ ಇಡ್ತಿದೀನಿ. ಹಸಿದುಕೊಂಡು ಬಾ."

ಅದೇ ಭಾನುವಾರವನ್ನು ಯಲ್ಲಮ್ಮನೂ ಆರಿಸಿಕೊಂಡಿದ್ದಳು. ಊರಿನ ಹೆಂಗಸರೆಲ್ಲ ಸಂಘದ ಸಭೆಯಲ್ಲಿ ತಮ್ಮ ತಮ್ಮ ಗಂಡಂದಿರ ಬೈಗುಳ ಒಪ್ಪಿಸಿ ಅತ್ತಿದ್ದರು. ಅಬಕಾರಿಯವರಿಗೆ ಫೋನು ಹೋಗಿತ್ತು. ಹಾಗಾಗಿ ಮಧ್ಯಾಹ್ನ ಬಾಲರಾಜ್ ಬಂದು ಕುರ್ಚಿಯಲ್ಲಿ ಕೂತು ನೀರು ಕುಡಿಯುವಷ್ಟರಲ್ಲಿ ಹಿತ್ತಲು ತುಂಬಿಹೋಯಿತು. ಬೇಲಿಯ ಒಂದು ಬದಿಗೆ ಜವರಯ್ಯ ಮತ್ತು ಅವನ ಬಳಗ, ಬಾಟ್ಲಿಗಳ ಸಮೇತ. ಇನ್ನೊಂದು ಬದಿಗೆ ಯಲ್ಲಮ್ಮ ಮತ್ತು ಸಂಘ, ಪೊರಕೆಗಳ ಸಮೇತ. ರಸ್ತೆಯಲ್ಲಿ ಹೋಗುತ್ತಿದ್ದ ಸಾಹುಕಾರ್ ಕೃಷ್ಣಪ್ಪನವರ ಜೀಪು ಗದ್ದಲ ಕೇಳಿ ನಿಂತಿತು. ಪಕ್ಕದಲ್ಲಿ ಅವರ ಹೆಂಡತಿ ಅಮ್ಮಾವ್ರು. ಇವರೆಲ್ಲ ತನ್ನ ಹಂದಿಯನ್ನು ನೋಡಲು ನೆರೆದ ಜನ ಎಂದು ತಿಳಿದ ಜಯಪ್ರಕಾಶ, "ಎಲ್ರಿಗೂ ಸಿಗುತ್ತೆ, ನೂಕಬೇಡಿ" ಎಂದು ಕೈ ಬೀಸಿದ. ಆಗ ಅಬಕಾರಿ ಜೀಪು ಬಂತು.

ಇನ್ಸ್‌ಪೆಕ್ಟರ್ ಸೋಮಶೇಖರಪ್ಪ ಹಣೆಗೆ ಅಗಲವಾಗಿ ವಿಭೂತಿ ಹಚ್ಚಿದ ಮನುಷ್ಯ. ಹಿಂದೆಯೇ ಅವರ ಪೇದೆ ಗಿಡ್ಡಪ್ಪ, ಆರಡಿ ಮೀರಿದವನು. ಇನ್ಸ್‌ಪೆಕ್ಟರು ಬೆಲ್ಲದ ಪಿಂಡಿ ನೋಡಿದರು, ನೊರೆ ಕಟ್ಟಿದ ಬ್ಯಾರೆಲ್ ನೋಡಿದರು, ಪೈಪು ನೋಡಿದರು. ಸರ್ವೀಸಿನಲ್ಲಿ ಇಷ್ಟು ಸಲೀಸಾದ ಕೇಸು ಸಿಕ್ಕಿರಲಿಲ್ಲ.

"ಏನ್ರೀ ಇದು?"

"ಸ್ಮೋಕರ್ ಸಾರ್."

"ಸೇದೋ ವಿಷಯ ಬೇರೆ ಇಲಾಖೆ. ನಾನು ಕುಡಿಯೋದು ಕೇಳ್ತಿದೀನಿ. ಎಷ್ಟು ದಿನದಿಂದ ಇಳಿಸ್ತಿದೀರಿ?"

"ಇಳಿಸೋದು ಈಗ್ಲೇ ಸಾರ್, ಬೆಳಿಗ್ಗೆ ಇಟ್ಟಿದ್ದು. ನೀವೇ ಮೊದಲು ರುಚಿ ನೋಡ್ಬೇಕು."

"ನನ್ನೆದುರಿಗೇ ನನಗೇ ಆಫರ್ರಾ! ತೆಗೀರಿ ಮುಚ್ಚಳ!"

ಜಯಪ್ರಕಾಶ ಪುಳಕಗೊಂಡು ಮುಚ್ಚಳ ತೆಗೆದ. ಹೊಗೆ ಸರಿದ ಮೇಲೆ ಇನ್ಸ್‌ಪೆಕ್ಟರು ಒಳಗೆ ಬಗ್ಗಿದರು. ಒಳಗಿಂದ ಇಡೀ ಹಂದಿ ತೊಡೆಯೊಂದು ಗೊರಸಿನ ಸಮೇತ ಅವರ ಮುಖಕ್ಕೆ ಎದುರಾಯಿತು. "ಶಿವ ಶಿವಾ!" ಎಂದು ಸೋಮಶೇಖರಪ್ಪ ಹಿಂದಕ್ಕೆ ಹಾರಿ ಪ್ರೇಮಲತಾಳ ಕೊತ್ತಂಬರಿ ಮಡಿಯಲ್ಲಿ ನಿಂತರು. ಕರ್ಚೀಫು ಮೂಗಿಗೆ ಹೋಯಿತು. ಮುಂದಿನ ತನಿಖೆಯನ್ನು ಅವರು ಆ ಕೊತ್ತಂಬರಿಯಿಂದಲೇ ನಡೆಸಿದರು.

"ಗಿಡ್ಡಪ್ಪಾ, ಬ್ಯಾರೆಲ್ ನೋಡು."

ಗಿಡ್ಡಪ್ಪ ಬೆರಳದ್ದಿ ನೆಕ್ಕಿದ. "ಪೇರಲೆ ತೊಗಟೆ ನೀರು ಸಾರ್. ಭೇದಿಗೆ ಒಳ್ಳೇದು."

"ಆ ಪಾತ್ರೆ?"

ಅವನು ಒಂದು ಲೋಟ ಕುಡಿದು, ಬಾಯಲ್ಲೇ ಅತ್ತಿತ್ತ ಹೊರಳಿಸಿ, ನುಂಗಿ, ನಿರಾಶೆಯಿಂದ ತಲೆಯಾಡಿಸಿದ. "ವಿನೆಗರ್ರು ಸಾರ್. ಖಾರ. ಕಾಫಿ."

"ಸರಿಯಾಗಿ ನೋಡಯ್ಯ!"

"ಎಷ್ಟು ನೋಡಿದ್ರೂ ಅಷ್ಟೇ ಸಾರ್. ಅಮಲಿಲ್ಲ."

ಕೇಸು ಕೈ ಜಾರಿದ ಸಿಟ್ಟಿಗೆ ಸೋಮಶೇಖರಪ್ಪ ಯಲ್ಲಮ್ಮನ ಕಡೆ ತಿರುಗಿ ಇಡೀ ಊರಿಗೆ ಕೇಳುವಂತೆ ಕೂಗಿದರು. "ಏನಮ್ಮ, ಇಲಾಖೆ ಅಂದ್ರೆ ಆಟ ಅಂದ್ಕೊಂಡಿದೀರಾ? ಇದ್ರಲ್ಲಿ ಅಮಲಿನ ಪದಾರ್ಥ ಒಂದು ಹನೀನೂ ಇಲ್ಲ! ಕೊಡ ಕುಡಿದ್ರೂ ಏನೂ ಆಗಲ್ಲ! ಎದೆಯುರಿ ಬರುತ್ತೆ, ಅಷ್ಟೇ!"

ಜವರಯ್ಯನ ಕೈಯಿಂದ ಬಾಟ್ಲಿ ಜಾರಿ ಹುಲ್ಲಿನ ಮೇಲೆ ಬಿತ್ತು. ಯಲ್ಲಮ್ಮ ನಿಧಾನವಾಗಿ, ಬಹಳ ನಿಧಾನವಾಗಿ, ಗಂಡನ ಕಡೆ ತಿರುಗಿದಳು.

"ಅಮಲಿರ್ಲಿಲ್ವಂತೆ."

"ಅದು... ನನಗೆ ತಲೆ ತಿರುಗ್ತಿತ್ತಲ್ಲೇ..."

"ಹಂಗಾದ್ರೆ ನಮ್ಮವ್ವನ್ನ ಎಮ್ಮೆ ಅಂದದ್ದು ಯಾರು?"

ಜವರಯ್ಯ ಇನ್ಸ್‌ಪೆಕ್ಟರನ್ನು ದೈನ್ಯದಿಂದ ನೋಡಿದ. "ಸಾರ್, ಒಂಚೂರಾದ್ರೂ ಇರ್ಬೇಕು, ಇನ್ನೊಂದ್ಸಲ ನೋಡಿ ಸಾರ್! ಬೇಕಾದ್ರೆ ನನ್ನೇ ಒಳಗೆ ಹಾಕಿ!" ಎಂದು ಅವನು ಗೋಗರೆಯುತ್ತಿರುವಾಗಲೇ ಮೊದಲನೇ ಪೊರಕೆ ಬಿತ್ತು. ಸಂಘದ ಉಳಿದ ಸದಸ್ಯರಿಗೂ ಆ ಹೊತ್ತಿಗೆ ವಿಷಯ ಅರ್ಥವಾಗಿತ್ತು. ಟ್ರ್ಯಾಕ್ಟರಿನವನು ಬೇಲಿ ಹಾರಿದ, ವಾಟರ್‌ಮನ್ ಕಾಫಿ ಗಿಡಗಳ ನಡುವೆ ಮಾಯವಾದ, ಹಾಲಿನವನು ಅಬಕಾರಿ ಜೀಪಿನೊಳಗೆ ತಾನಾಗಿಯೇ ಹತ್ತಿ ಬಾಗಿಲು ಹಾಕಿಕೊಂಡ. ರಸ್ತೆಯಲ್ಲಿ ನಿಂತಿದ್ದ ಇನ್ನೊಂದು ಜೀಪಿನಿಂದ ಅಮ್ಮಾವ್ರ ದನಿ ಕೇಳಿಸಿತು. ಎಷ್ಟೆಂದರೂ ದೊಡ್ಡ ಮನೆತನ, ದನಿ ಎತ್ತರಿಸಲಿಲ್ಲ. "ಮನೆಗೆ ನಡೀರಿ. ನಮ್ಮಣ್ಣನ ವಿಷಯ ಸ್ವಲ್ಪ ಮಾತಾಡೋದಿದೆ."

ಎಲ್ಲರೂ ಓಡಿ, ಅಬಕಾರಿ ಜೀಪೂ ಹೋದ ಮೇಲೆ ಹಿತ್ತಲಲ್ಲಿ ಉಳಿದದ್ದು ಮನೆಯವರು ಮತ್ತು ಹಂದಿ. ಜಯಪ್ರಕಾಶನಿಗೆ ನಡೆದದ್ದು ಇನ್ನೂ ಪೂರ್ತಿ ತಲೆಗೆ ಹೋಗಿರಲಿಲ್ಲ. ಆದರೆ ಗುರಿ ಗುರಿಯೇ. ಒಂದು ತುಂಡು ಕೊಯ್ದು ಬಾಲರಾಜನ ತಟ್ಟೆಗಿಟ್ಟ. ಬಾಲರಾಜ್ ಬಾಯಿಗಿಟ್ಟು ಅಗಿದ. ಎದ್ದು ಓಡಾಡುತ್ತ ಅಗಿದ. ಫೋನು ಬಂತು, ಅಗಿಯುತ್ತಲೇ ಬುಕಿಂಗ್ ತೆಗೆದುಕೊಂಡ.

"ಭಾವ," ಎಂದ ಕೊನೆಗೆ, "ಹೊರಗಡೆ ಡಾಂಬರು, ಒಳಗಡೆ ಹಂದಿ ಇನ್ನೂ ಮೇಯ್ತಾ ಇದೆ." ಪ್ರೇಮಲತಾ ನಗಲಿಲ್ಲ. ಜಯಪ್ರಕಾಶನಿಗೆ ಅದರಿಂದ ಇನ್ನೂ ನೋವಾಯಿತು. "ಡ್ರಮ್ಮು ಮಾತ್ರ ಭಾರಿ ಚೆನ್ನಾಗಿದೆ. ಯಾರು ಮಾಡಿದ್ದು?" ಎಂದು ಕುಮಾರನ ನಂಬರು ಬರೆದುಕೊಂಡು ಬಾಲರಾಜ್ ಹೊರಟುಹೋದ.

ರೈಟರು ಕಳ್ಳಭಟ್ಟಿ ಇಳಿಸುವವನಲ್ಲ, ಬರೀ ಅಡುಗೆ ಕಲಿಯುವವನು ಎಂದು ತಿಳಿದ ಮೇಲೆ ಊರು ಅವನನ್ನು ಕ್ಷಮಿಸಲಿಲ್ಲ. ಕಂಡಕ್ಟರು ಕಿಟಕಿ ಸೀಟು ಕಿತ್ತುಕೊಂಡ. ಸಾಹುಕಾರರ ಆಫೀಸಿನಲ್ಲಿ ಕುರ್ಚಿಯನ್ನೇ ತೆಗೆಸಿದರು. ಜವರಯ್ಯನಂತೂ, "ಭಟ್ಟಿ ಇಳಿಸ್ತಾನೆ ಅಂತ ನಂಬಿಸಿ ಸಾಸು ಕುಡಿಸಿದ ಮೋಸಗಾರ" ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದ, ಊದಿದ ಬೆನ್ನು ತೋರಿಸುತ್ತ.

ಆದರೆ ಆ ಭಾನುವಾರದಿಂದ ಪಾಠ ಕಲಿತ ಬುದ್ಧಿವಂತರೂ ಇದ್ದರು. ಡ್ರಮ್ಮು, ಪೈಪು, ಬೆಲ್ಲ, ತೊಗಟೆ ಎಲ್ಲ ಇಟ್ಟುಕೊಂಡೂ ಅಬಕಾರಿಯವರನ್ನು ಬರಿಗೈಯಲ್ಲಿ ಕಳಿಸಬಹುದು ಎಂದು ಬೆಟ್ಟಕ್ಕೆಲ್ಲ ಗೊತ್ತಾಯಿತು. ಕುಮಾರನ ಅಂಗಡಿಯಲ್ಲಿ ಹಗಲೂ ಸಂಜೆಯೂ ಕಿಡಿ ಹಾರತೊಡಗಿತು. ಕಳಸದ ದಾರಿಯ ಉದ್ದಕ್ಕೂ ಹಿತ್ತಲು ಹಿತ್ತಲಲ್ಲಿ ಹೊಗೆ. ಸೋಮಶೇಖರಪ್ಪನವರ ಜೀಪು ಎಲ್ಲಿ ನಿಂತರೂ ಒಂದೇ ಉತ್ತರ: "ಬಾರ್ಬೆಕ್ಯೂ ಸಾರ್." ಮುಚ್ಚಳ ತೆಗೆದರೆ ಮೇಲೊಂದು ಕೋಳಿ ನೇತಾಡುತ್ತಿರುತ್ತಿತ್ತು. ಕೋಳಿಯ ಕೆಳಗೆ ಏನಿದೆ ಎಂದು ಬಗ್ಗಿ ನೋಡಲು ಇನ್ಸ್‌ಪೆಕ್ಟರ ಮಡಿ ಬಿಡುತ್ತಿರಲಿಲ್ಲ. ನೋಡಬೇಕಾದ ಗಿಡ್ಡಪ್ಪ ಕೋಳಿ ತಿನ್ನುವುದರಲ್ಲೇ ತೃಪ್ತನಾಗಿ, ಷರಾಯಿಯ ಬಕಲ್ ಹಾಕಲಾರದಷ್ಟು ಊದಿದ್ದ.

ಕೊನೆಗೆ ಸೋಮಶೇಖರಪ್ಪ ಜಯಪ್ರಕಾಶನ ಬಾಗಿಲಿಗೇ ಬಂದರು. "ರೈಟ್ರೇ, ಈ ಪಿಡುಗು ಸೀಮೆಗೆ ತಂದೋರು ನೀವು. ಯಾವುದು ಅಡುಗೆ, ಯಾವುದು ಭಟ್ಟಿ ಅಂತ ನೀವೇ ಬಂದು ಹೇಳ್ಬೇಕು. ನಿಮ್ಮನ್ನ ತಜ್ಞರು ಅಂತ ಕರ್ಕೊಂಡು ಹೋಗ್ತೀನಿ."

ತಜ್ಞ! ಜಯಪ್ರಕಾಶ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಸರ್ಕಾರಿ ಜೀಪಿನ ಮುಂದಿನ ಸೀಟಿನಲ್ಲಿ ಕೂತ. ಮನೆಯಲ್ಲಿ ಹೇಳಿ ಹೋಗೋಣವೆಂದರೆ ಪ್ರೇಮಲತಾ ಬೆಳಿಗ್ಗೆಯೇ ತಮ್ಮನ ಮನೆಗೆ ಹೋಗಿದ್ದಳು. ತಜ್ಞನ ಕಣ್ಣು ನಿಜಕ್ಕೂ ಚುರುಕಾಗಿತ್ತು. ಕೋಳಿ ಚೆನ್ನಾಗಿ ಕರಿಕಲಾಗಿದ್ದರೆ, "ಪಾಪ, ನಿಜವಾಗಿ ಕಲೀತಿದಾನೆ ಸಾರ್, ಬಿಟ್ಬಿಡಿ" ಎನ್ನುತ್ತಿದ್ದ. ಕೋಳಿ ಹಸಿಯಾಗಿಯೇ ನೇತಾಡುತ್ತಿದ್ದರೆ, "ಕೆಳಗೆ ನೋಡಿ" ಎನ್ನುತ್ತಿದ್ದ. ಕೆಳಗೆ ಇರುತ್ತಿತ್ತು. ಇನ್ಸ್‌ಪೆಕ್ಟರು ಭುಜ ತಟ್ಟಿದರು. ಹೀಗೆ ಹಿತ್ತಲಿಂದ ಹಿತ್ತಲಿಗೆ ಸಾಗುತ್ತ ಜೀಪು ದೇವರಮನೆ ರಸ್ತೆಗೆ ಬಂದು, ಹೊಗೆ ಕಂಡ ಕಡೆ ನಿಂತಿತು. ಅದು ಬಾಲರಾಜನ ಹೋಮ್‌ಸ್ಟೇ.

ಅಲ್ಲೂ ಕುಮಾರನ ಡ್ರಮ್ಮೇ. ಸುತ್ತ ಪ್ರವಾಸಿಗರು ಮಾತಿಲ್ಲದೆ ತಿನ್ನುತ್ತಿದ್ದರು. ಅವರ ನಡುವೆ ಪ್ರೇಮಲತಾ, ತಟ್ಟೆ ತುಂಬ ಮೂಳೆ ಗುಡ್ಡೆ ಹಾಕಿಕೊಂಡು ಬೆರಳು ಚೀಪುತ್ತಿದ್ದಳು. ಗಂಡನನ್ನು ನೋಡಿಯೂ ಬೆರಳು ಬಾಯಿಂದ ತೆಗೆಯಲಿಲ್ಲ.

"ಬನ್ನಿ ಭಾವ, ಬನ್ನಿ," ಎಂದ ಬಾಲರಾಜ್, ಮುಚ್ಚಳ ತೆಗೆಯುತ್ತ. ಒಳಗಿದ್ದ ಹಂದಿ ತೊಡೆ ಹದವಾಗಿ ಹುರಿದ ಕಾಫಿ ಬೀಜದ ಬಣ್ಣಕ್ಕೆ ತಿರುಗಿತ್ತು. ಇಕ್ಕಳ ತಾಗಿಸಿದರೆ ಸಾಕು, ಮೂಳೆಯಿಂದ ಮಾಂಸ ತಾನಾಗಿ ಕಳಚಿ ಬಂತು. ಜಯಪ್ರಕಾಶ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದ. ಅಗಿಯುವ ಕೆಲಸವೇ ಬರಲಿಲ್ಲ. ಹೊಗೆ, ಉಪ್ಪು, ಬೆಲ್ಲ, ಎಲ್ಲವೂ ತಂತಮ್ಮ ಜಾಗದಲ್ಲಿ ಹಾಜರಿದ್ದವು. ಅವನು ಬಹಳ ಹೊತ್ತು ಕಣ್ಣು ತೆರೆಯಲಿಲ್ಲ.

"ಹೆಂಗಿದೆ ಭಾವ?" ಎಂದ ಬಾಲರಾಜ್.

"ಹೇಳಿ ರೈಟ್ರೇ," ಎಂದರು ದೂರದಲ್ಲಿ ಕರ್ಚೀಫು ಹಿಡಿದು ನಿಂತಿದ್ದ ಸೋಮಶೇಖರಪ್ಪ. "ಅಡುಗೆಯೋ, ಭಟ್ಟಿಯೋ?"

ಜಯಪ್ರಕಾಶ ತುಟಿ ಒರೆಸಿಕೊಂಡ. ಷರ್ಟಿನ ಕಾಲರು ಸರಿ ಮಾಡಿಕೊಂಡ. ಹೆಂಡತಿಯನ್ನೊಮ್ಮೆ, ಭಾಮೈದನನ್ನೊಮ್ಮೆ ನೋಡಿ, ತಜ್ಞರಿಗೆ ತಕ್ಕ ಗಂಭೀರ ದನಿಯಲ್ಲಿ ಹೇಳಿದ:

"ಇಷ್ಟು ರುಚಿ ಬರ್ಬೇಕಾದ್ರೆ ಒಳಗೆ ಏನೋ ಬೆರೆಸಿರ್ಲೇಬೇಕು ಸಾರ್. ಡ್ರಮ್ಮು ಎತ್ಕೊಂಡು ಹೋಗಿ."

ಗಿಡ್ಡಪ್ಪ ಡ್ರಮ್ಮಿಗೆ ಕೈ ಹಾಕುವ ಮುಂಚೆ, ಸಾಕ್ಷ್ಯಕ್ಕೆ ಇರಲಿ ಎಂದು, ಜಯಪ್ರಕಾಶ ತಾನೇ ಇನ್ನೊಂದು ದೊಡ್ಡ ತುಂಡು ತೆಗೆದುಕೊಂಡ.